ಕ್ರಾಂತಿಯ ಕನಸನ್ನೂ ಅದರ ಗಾಯವನ್ನೂ ಒಂದೇ ಕೋಣೆಯಲ್ಲಿಡಿ

ಮಾನ್ಯ ಸಂಸ್ಕೃತಿ ಸಚಿವರಿಗೆ,

ನಮಸ್ಕಾರ. ಜನರ ತೆರಿಗೆಯ ಹಣದಲ್ಲಿ ನಡೆಯುವ ಕಲಾ ಸಂಗ್ರಹಾಲಯಗಳಲ್ಲಿ ಕ್ರಾಂತಿಯ ಕುರಿತ ಕೃತಿಗಳನ್ನು ಇಡುವಾಗ ಎರಡು ಕಡೆಯಿಂದ ಒತ್ತಡ ಬರುತ್ತದೆ. ಕೆಲವರಿಗೆ ಬರೀ ಕೆಂಬಾವುಟ ಬೇಕು, ಕೆಲವರಿಗೆ ಬರೀ ಹೆಣಗಳ ಲೆಕ್ಕ. ಎರಡಕ್ಕೂ ಮಣಿಯಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ.

1917ರ ರಷ್ಯಾ ಕ್ರಾಂತಿಯ ಕನಸು ಹೊತ್ತ ಕಲಾವಿದ ವ್ಲಾದಿಮಿರ್ ತಾತ್ಲಿನ್ 1920ರಲ್ಲಿ, ಇಂದು ಸೇಂಟ್ ಪೀಟರ್ಸ್‌ಬರ್ಗ್ ಎನಿಸಿರುವ ಪೆಟ್ರೋಗ್ರಾಡ್‌ನಲ್ಲಿ ಒಂದು ಗೋಪುರದ ಮಾದರಿಯನ್ನು ಜನರ ಮುಂದಿಟ್ಟರು. ಉಕ್ಕು ಮತ್ತು ಗಾಜಿನಲ್ಲಿ ಸುಮಾರು 400 ಮೀಟರ್ ಎತ್ತರಕ್ಕೆ ಏರಬೇಕಿದ್ದ, ಒಳಗಿನ ಸಭಾಂಗಣಗಳೇ ತಿರುಗಬೇಕಿದ್ದ ಆ ಗೋಪುರ ಮೇಲೇಳಲೇ ಇಲ್ಲ. ಆ ಕನಸನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅದೇ ಕ್ರಾಂತಿಗಾಗಿ ವರ್ಷಗಟ್ಟಲೆ ಪೋಸ್ಟರ್ ರಚಿಸಿದ ಕಲಾವಿದ ಗುಸ್ತಾವ್ ಕ್ಲುತ್ಸಿಸ್ ಅವರನ್ನು 1938ರಲ್ಲಿ ಆ ಕ್ರಾಂತಿಯಿಂದಲೇ ಹುಟ್ಟಿದ ಸೋವಿಯತ್ ಪ್ರಭುತ್ವ ಗುಂಡಿಕ್ಕಿ ಕೊಂದಿತು.

ಇಂಥ ವ್ಯವಸ್ಥೆಯೊಳಗೆ ದಿನ ದೂಡಿದವರ ಪಾಡನ್ನು ಸೋವಿಯತ್ ಕಲಾವಿದ ಇಲ್ಯಾ ಕಬಕೋವ್ 1985ರಲ್ಲಿ ಒಂದು ಪುಟ್ಟ ಕೋಣೆಯಾಗಿ ಕಟ್ಟಿದರು. ಗೋಡೆಯ ತುಂಬ ಪೋಸ್ಟರ್‌ಗಳು. ಚಾವಣಿಯಿಂದ ಇಳಿಬಿಟ್ಟ ಕವಣೆಯಂಥ ಆಸನ, ಅದರ ನೇರಕ್ಕೆ ಚಾವಣಿಯಲ್ಲಿ ದೊಡ್ಡದೊಂದು ತೂತು, ನೆಲದಲ್ಲಿ ಬಿಟ್ಟುಹೋದ ಬೂಟುಗಳು. ಹತ್ತಾರು ಜನ ಹಂಚಿಕೊಂಡ ಮನೆಯ ನಿವಾಸಿಯೊಬ್ಬ ಅಲ್ಲಿಂದ ನೇರ ಬಾಹ್ಯಾಕಾಶಕ್ಕೆ ಹಾರಿಹೋಗಿದ್ದಾನೆ. ಎಲ್ಲರನ್ನೂ ನಕ್ಷತ್ರಗಳವರೆಗೆ ಒಯ್ಯುತ್ತೇವೆಂದ ರಾಜ್ಯದ ಮಾತನ್ನು ನಂಬಿ ಹಾರಿದನೋ, ಆ ಮಾತಿನಿಂದ ತಪ್ಪಿಸಿಕೊಳ್ಳಲು ಹಾರಿದನೋ? ಕಬಕೋವ್ ಹೇಳುವುದಿಲ್ಲ. ಕ್ರಾಂತಿಯ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಕೃತಿಯನ್ನು ನಾನು ಕಾಣೆ. ಇದನ್ನು ಪರವೆಂದು ನಮೂದಿಸುತ್ತೀರೋ, ವಿರೋಧವೆಂದೋ? ಸರ್ಕಾರಿ ಕಡತದ ಯಾವ ಕಲಮಿಗೂ ಇದು ಹೊಂದದು.

ಹೊಂದದ ಕಲೆಯನ್ನು ಅಳಿಸಲು ಹೊರಟವರ ಉದಾಹರಣೆಯೂ ನಮ್ಮೆದುರಿಗಿದೆ. 1974ರ ಸೆಪ್ಟೆಂಬರ್ 15ರಂದು ಮಾಸ್ಕೋದ ಹೊರವಲಯದ ಬಯಲಿನಲ್ಲಿ ಕಲಾವಿದರು ತಮ್ಮ ಚಿತ್ರಗಳನ್ನು ಹಿಡಿದು ನಿಂತಾಗ ಅಧಿಕಾರಿಗಳು ಬುಲ್ಡೋಜರ್ ನುಗ್ಗಿಸಿದರು. ಎರಡೇ ವಾರಗಳಲ್ಲಿ ಅವರೇ ಇಜ್ಮೈಲೋವೊ ಉದ್ಯಾನದಲ್ಲಿ ನಾಲ್ಕು ಗಂಟೆಗಳ ಪ್ರದರ್ಶನಕ್ಕೆ ಅನುಮತಿ ಕೊಡಬೇಕಾಯಿತು. ಸಾವಿರಾರು ಜನ ಬಂದು ನೋಡಿದರು.

ಆದ್ದರಿಂದ ಕೃತಿಗಳ ಆಯ್ಕೆಯನ್ನು ಸಂಗ್ರಹದ ಹೊಣೆ ಹೊತ್ತ ಕ್ಯುರೇಟರ್‌ಗಳಿಗೆ ಬಿಟ್ಟುಬಿಡಿ. ದೂರು ಬಂತೆಂದ ಮಾತ್ರಕ್ಕೆ ಯಾವ ಕೃತಿಯನ್ನೂ ಗೋಡೆಯಿಂದ ಇಳಿಸಬಾರದು. ಇಳಿಸಲೇಬೇಕಾದರೆ ಆದೇಶ ಕೊಟ್ಟವರ ಹೆಸರು ಮತ್ತು ಕಾರಣ ಲಿಖಿತವಾಗಿ ಸಾರ್ವಜನಿಕರಿಗೆ ಸಿಗಬೇಕು. ಮೌಖಿಕ ಸೂಚನೆಯಂತೂ ಬೇಡವೇ ಬೇಡ. ತಾತ್ಲಿನ್ ಗೋಪುರದ ಚಿತ್ರವಿರುವ ಕೋಣೆಯಲ್ಲೇ ಕ್ಲುತ್ಸಿಸ್ ಪೋಸ್ಟರ್ ಇರಲಿ. ಅದರ ಕೆಳಗಿನ ಫಲಕದಲ್ಲಿ ಅವರು ಸತ್ತ ಬಗೆಯೂ ಇರಲಿ.

ನಿಮ್ಮ ಉತ್ತರವನ್ನು ಎದುರುನೋಡುತ್ತೇನೆ.

ಇಂತಿ,
ಕಲಾಸಕ್ತ ನಾಗರಿಕ