ಎಕ್ಸಾಸ್ಟ್ ವಾಲ್ವ್ ಜೊತೆ ಇನ್ನು ಸೀಟೂ ಬದಲಾಗುತ್ತದೆ: ಹಳೆಯ ಪೆಟ್ರೋಲ್ ಕಾರುಗಳ ಗ್ರಾಹಕರಿಗೆ ಪತ್ರ

ಶಿರಸಿ

ಮಾನ್ಯ ಗ್ರಾಹಕರೇ,

ನಮಸ್ಕಾರ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಮುಂತಾದ ಹಳೆಯ ಪೆಟ್ರೋಲ್ ಕಾರುಗಳ ಸಿಲಿಂಡರ್ ಹೆಡ್ ಕೆಲಸದಲ್ಲಿ ಬರುವ ದೀಪಾವಳಿಯಿಂದ ಒಂದು ಬದಲಾವಣೆ ತರುತ್ತಿದ್ದೇವೆ. ಎಕ್ಸಾಸ್ಟ್ ವಾಲ್ವ್ ಎಂದರೆ ಉರಿದ ಅನಿಲವನ್ನು ಹೊರಬಿಡುವ ಕವಾಟ. ಮುಚ್ಚಿದಾಗ ಅದರ ತಟ್ಟೆ ಒರಗುವ ಅಂಚು ಸೀಟು, ಅದರ ಕಾಂಡ ಸರಿದಾಡುವ ಕೊಳವೆ ಗೈಡ್. ಎರಕದ ಕಬ್ಬಿಣದ ಹೆಡ್ಡಿನಲ್ಲೇ ಕೊರೆದಿರುವ ಎಕ್ಸಾಸ್ಟ್ ಸೀಟಿನ ಮೇಲೆ ಹೊಸ ವಾಲ್ವ್ ಉಜ್ಜಿ ಕೂರಿಸಿ ಕೊಡುವುದನ್ನು ನಿಲ್ಲಿಸುತ್ತೇವೆ. ಎಕ್ಸಾಸ್ಟ್ ವಾಲ್ವ್ ಬದಲಿಸಬೇಕಾಗಿ ಬಂದರೆ ಗಟ್ಟಿ ಲೋಹದ ಸೀಟ್ ರಿಂಗ್ ಮತ್ತು ಅದಕ್ಕೆ ಹೊಂದುವ ಗೈಡ್ ಕೂಡ ಜೊತೆಗೇ ಹಾಕುತ್ತೇವೆ. ಖರ್ಚು ಹೆಚ್ಚುತ್ತದೆ, ದಿನಗಳೂ ಹೆಚ್ಚು ಹಿಡಿಯುತ್ತವೆ. ದುಡ್ಡು ಕೊಡುವವರು ನೀವು, ಹಾಗಾಗಿ ಕಾರಣವನ್ನು ಬಿಡಿಸಿ ಹೇಳುತ್ತೇವೆ.

ಈ ಎಂಜಿನ್‌ಗಳು ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. ಸೀಸ ಸೇರಿಸುತ್ತಿದ್ದದ್ದು ಎಂಜಿನ್ ನಾಕ್ ಆಗಬಾರದೆಂದು, ಅಂದರೆ ಒಳಗಿನ ಮಿಶ್ರಣ ತಾನಾಗಿ ಸಿಡಿದು ಬಡಿಯಬಾರದೆಂದು. ಆದರೆ ಅದು ಉರಿದಾಗ ಉಳಿಯುತ್ತಿದ್ದ ತೆಳುವಾದ ಪದರ ಎಕ್ಸಾಸ್ಟ್ ವಾಲ್ವ್ ಮತ್ತು ಸೀಟಿನ ನಡುವೆ ನಿಂತು ಲೋಹಕ್ಕೆ ಲೋಹ ತಾಗದಂತೆ ಕಾಯುತ್ತಿತ್ತು. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಮಾತ್ರ ಸಿಗುತ್ತಿದೆ. ಆ ಪದರ ಇಲ್ಲದಿದ್ದರೆ, ಕೆಂಪಗೆ ಕಾದ ವಾಲ್ವ್ ಸೀಟಿನ ಮೇಲೆ ಬಡಿದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆಗಳಾಗುತ್ತವೆ. ವಾಲ್ವ್ ಮೇಲೇಳುವಾಗ ಸೀಟಿನ ಕಬ್ಬಿಣದ ಕಣಗಳನ್ನು ಕಿತ್ತುಕೊಂಡು ಏಳುತ್ತದೆ. ಕಿತ್ತ ಕಣಗಳು ವಾಲ್ವಿಗೇ ಅಂಟಿ ಮರಳುಕಾಗದದಂತೆ ಸೀಟನ್ನು ಮತ್ತಷ್ಟು ಉಜ್ಜುತ್ತವೆ. ಹೀಗೆ ಸೀಟು ಹೆಡ್ಡಿನೊಳಗೆ ಇಳಿಯುತ್ತಾ ಹೋಗುತ್ತದೆ.

"ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಎಂದು ಹಲವರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಸೀಸದ ಕಾಲದಲ್ಲಿ ಚೆನ್ನಾಗಿ ಓಡಿದ ಹೆಡ್ಡಿನ ಸೀಟಿನಲ್ಲಿ ಹಳೆಯ ಪದರ ಬಹಳ ಕಾಲ ಉಳಿದಿರುತ್ತದೆ. ನಾವು ಸೀಟ್ ಕಟರ್ ಹಾಕಿದ ಕ್ಷಣವೇ ಅದು ಹೋಗಿ ಹಸಿ ಕಬ್ಬಿಣ ಹೊರಗೆ ಬರುತ್ತದೆ. ಆದ್ದರಿಂದಲೇ ಹೊಸದಾಗಿ ಕಟ್ಟಿದ ಹೆಡ್ಡು ಹಳೆಯದಕ್ಕಿಂತ ಬೇಗ ಸೀಟು ತಿನ್ನುವುದುಂಟು. ಬಿಚ್ಚದ ಹೆಡ್ಡಿಗೆ ನಾವು ಕೈ ಹಾಕಿ ಎನ್ನುವುದಿಲ್ಲ. ಬಿಚ್ಚಿ ಸೀಟ್ ಕತ್ತರಿಸಿದ ಮೇಲೆ ಅರ್ಧ ಕೆಲಸ ಮಾಡಿ ಕೊಡುವುದಿಲ್ಲ, ಅಷ್ಟೇ.

ಸೀಟು ಇಳಿಯುತ್ತಿದ್ದರೆ ಮೊದಲು ಗೊತ್ತಾಗುವುದು ಟ್ಯಾಪೆಟ್‌ನಲ್ಲಿ, ಅಂದರೆ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಗ್ಯಾಪಿನಲ್ಲಿ. ವಾಲ್ವ್ ಮೇಲೆ ಸರಿದಷ್ಟೂ ಗ್ಯಾಪ್ ಕಡಿಮೆಯಾಗುತ್ತದೆ, ಟಕಟಕ ಸದ್ದು ನಿಲ್ಲುತ್ತದೆ. ಎಂಜಿನ್ ಮೆತ್ತಗಾಯಿತು ಎಂದು ಖುಷಿಪಡುವ ಹೊತ್ತಲ್ಲ ಅದು. ಅಂಬಾಸಿಡರ್‌ನ 1489 ಸಿಸಿ ಬಿ-ಸೀರೀಸ್ ಎಂಜಿನ್ನಿಗೆ 15 ಥೌ (ಒಂದು ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ), ಅಂದರೆ 0.38 ಮಿ.ಮೀ. ಗ್ಯಾಪ್ ಇಟ್ಟದ್ದು ಒಂದೆರಡು ಸಾವಿರ ಕಿಲೋಮೀಟರಿನಲ್ಲಿ 8-10 ಥೌಗೆ ಇಳಿದಿದ್ದರೆ ಆ ಸಿಲಿಂಡರಿನ ಸೀಟು ಹೋಗುತ್ತಿದೆ ಎಂದೇ ಲೆಕ್ಕ. ಗ್ಯಾಪ್ ಪೂರ್ತಿ ಮುಚ್ಚಿದರೆ ವಾಲ್ವ್ ಸೀಟಿಗೆ ಒರಗುವುದೇ ಇಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಸುಮಾರು ಮುಕ್ಕಾಲು ಭಾಗವನ್ನು ಬಿಟ್ಟುಕೊಡುವುದು ಸೀಟಿಗೆ ತಾಗಿದ ಹೊತ್ತಿನಲ್ಲಿ. ಆ ದಾರಿ ಮುಚ್ಚಿದಾಗ, ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಎರಡನೇ ಗೇರಿನಲ್ಲಿ ಹತ್ತುವಾಗ ವಾಲ್ವಿನ ಅಂಚು ಸುಟ್ಟುಹೋಗುತ್ತದೆ. ಅಂಥ ವಾಲ್ವನ್ನು ಬಿಚ್ಚಿ ನೋಡಿದರೆ ತಟ್ಟೆಯ ಒಂದು ಬದಿಯಲ್ಲಿ ಬೆರಳಿನುಗುರು ಹೊಗುವಷ್ಟು ಕಚ್ಚು ಬಿದ್ದಿರುತ್ತದೆ, ಅದರ ಸುತ್ತ ಬೂದು ಬಿಳಿ ಬಣ್ಣ. ಉಳಿದ ಅಂಚೆಲ್ಲ ಹೊಸದರಂತೆ ನೆಟ್ಟಗೇ ಇರುತ್ತದೆ.

ಇನ್ನು ವಾಲ್ವ್ ಆಯ್ಕೆಯ ವಿಷಯ. "ಸ್ಟೇನ್‌ಲೆಸ್ ವಾಲ್ವ್ ತಂದಿದ್ದೇನೆ, ಅದನ್ನೇ ಹಾಕಿ, ಸೀಟು ಬೇಡ" ಎಂಬ ಮಾತು ನಮಗೆ ಪದೇಪದೇ ಬರುತ್ತದೆ. ವಾಲ್ವ್ ಎಷ್ಟೇ ಒಳ್ಳೆಯದಿರಲಿ, ಸವೆಯುವುದು ಸೀಟು. ಮೆದು ಕಬ್ಬಿಣದ ಮೇಲೆ ಗಟ್ಟಿ ವಾಲ್ವ್ ಹಾಕಿದರೆ ವಾಲ್ವ್ ಉಳಿಯುತ್ತದೆ, ಹೆಡ್ಡು ಇಳಿಯುತ್ತದೆ. ಹಾಗೆಂದು ಮಾಮೂಲಿ ವಾಲ್ವನ್ನು ಗಟ್ಟಿ ರಿಂಗಿನ ಮೇಲೆ ಹಾಕುವುದೂ ತಪ್ಪು. ಎರಡೂ ಜೋಡಿಯಾಗಿ ಇರಬೇಕು.

ಇನ್‌ಲೆಟ್‌ಗೆ ನಾವು ಹಾಕುವುದು ಇಎನ್52, ಸಿಲಿಕಾನ್-ಕ್ರೋಮ್ ಉಕ್ಕು. ಒಳಗೆ ಬರುವ ತಣ್ಣನೆಯ ಮಿಶ್ರಣ ಅದನ್ನು ತಂಪಾಗಿಡುವುದರಿಂದ ಅಷ್ಟು ಸಾಕು. ಸೀಟು ಚೆನ್ನಾಗಿದ್ದರೆ ಇನ್‌ಲೆಟ್‌ಗೆ ರಿಂಗ್ ಬೇಡ. ಎಕ್ಸಾಸ್ಟ್‌ಗೆ 21-4ಎನ್: ನೂರಕ್ಕೆ 21 ಭಾಗ ಕ್ರೋಮಿಯಂ, 4 ಭಾಗ ನಿಕ್ಕಲ್, ಜೊತೆಗೆ ಮ್ಯಾಂಗನೀಸ್ ಮತ್ತು ನೈಟ್ರೋಜನ್. ಫುಲ್ ಲೋಡಿನಲ್ಲಿ 700 ಡಿಗ್ರಿ ಸೆಲ್ಸಿಯಸ್ ದಾಟಿದರೂ ಅದರ ಗಟ್ಟಿತನ ಉಳಿಯುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. 21-4ಎನ್ ತಟ್ಟೆಗೆ ಅಯಸ್ಕಾಂತ ಹಿಡಿಯುವುದಿಲ್ಲ, ಇಎನ್52ಗೆ ಹಿಡಿಯುತ್ತದೆ. ತಟ್ಟೆಗೆ ಹಿಡಿಯದೆ ಕಾಂಡಕ್ಕೆ ಮಾತ್ರ ಹಿಡಿದರೆ ಅದು ನಕಲಿಯಲ್ಲ, ಎರಡು ಲೋಹ ಬೆಸೆದ ವಾಲ್ವ್. ಕಾಂಡ ಮತ್ತು ತುದಿ ಗಟ್ಟಿಯಾಗಿರಲಿ ಎಂದು ಹಾಗೆ ಮಾಡುತ್ತಾರೆ, ಒಳ್ಳೆಯ ಮಾಲೇ. ಇಡೀ ವಾಲ್ವ್ 21-4ಎನ್ ಆಗಿದ್ದರೆ ಮಾತ್ರ ತುದಿಗೆ ಗಟ್ಟಿ ಲೋಹ ಬೆಸೆದಿದೆಯೇ ನೋಡಬೇಕು. ಈ ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಲು ಬರುವುದಿಲ್ಲ, ರಾಕರ್ ಬಡಿದು ತುದಿ ಚಪ್ಪಟೆಯಾಗುತ್ತದೆ.

ಗೈಡ್ ಏಕೆ ಬದಲಾಗಬೇಕು? 21-4ಎನ್ ಬಿಸಿಗೆ ಇಎನ್52ಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಹಳೆಯ ಅಳತೆಯಲ್ಲೇ ಬಿಗಿಯಾಗಿ ರೀಮರ್ (ತೂತನ್ನು ಅಳತೆಗೆ ತರುವ ಉಪಕರಣ) ಹಾಕಿದರೆ ಘಟ್ಟದ ಅರ್ಧದಲ್ಲಿ ಕಾಂಡ ಗೈಡಿನಲ್ಲಿ ಸಿಕ್ಕಿಕೊಳ್ಳುತ್ತದೆ, ರಾಕರನ್ನು ಎತ್ತುವ ಪುಶ್‌ರಾಡ್ ಬಾಗುತ್ತದೆ. ಅದಕ್ಕೆ ಎಕ್ಸಾಸ್ಟ್ ಗೈಡಿನಲ್ಲಿ 0.05ರಿಂದ 0.075 ಮಿ.ಮೀ. ಸಡಿಲ ಬಿಡುತ್ತೇವೆ. ಇನ್‌ಲೆಟ್‌ಗೆ 0.04ರಿಂದ 0.06 ಸಾಕು, ಹೆಚ್ಚಾದರೆ ಆಯಿಲ್ ಎಳೆಯುತ್ತದೆ. ಜೊತೆಗೆ, ಕ್ರೋಮ್ ಲೇಪನವಿಲ್ಲದ 21-4ಎನ್ ಕಾಂಡ ಎರಕದ ಕಬ್ಬಿಣದ ಗೈಡಿನಲ್ಲಿ ಗೀರಿಕೊಳ್ಳುತ್ತದೆ. ಹಾಗಾಗಿ ಕಾಂಡಕ್ಕೆ ಹಾರ್ಡ್ ಕ್ರೋಮ್ ಇರಬೇಕು, ಇಲ್ಲವೇ ಗೈಡ್ ಕಂಚಿನದಿರಬೇಕು.

ಕೆಲಸದ ಕ್ರಮ ಮುಖ್ಯ. ಮೊದಲು ಹೆಡ್ಡನ್ನು ಬಿಸಿನೀರಿನಲ್ಲಿಟ್ಟು ಗಾಳಿ ತುಂಬಿ ಬಿರುಕು ನೋಡುತ್ತೇವೆ. ಅಂಬಾಸಿಡರ್ ಹೆಡ್ಡಿನಲ್ಲಿ ಎರಡು ಸೀಟುಗಳ ನಡುವಿನ ಸೇತುವೆಯಲ್ಲೇ ಬಿರುಕು ಹೆಚ್ಚು. ಬಿರುಕಿದ್ದರೆ ಅಲ್ಲಿಗೇ ನಿಲ್ಲಿಸಿ ನಿಮಗೆ ಫೋನ್ ಮಾಡುತ್ತೇವೆ, ವಾಲ್ವಿಗೆ ದುಡ್ಡು ಹಾಕಿಸುವುದಿಲ್ಲ. ಆಮೇಲೆ ಗೈಡ್. ಸೀಟ್ ಕಟರಿನ ಪೈಲಟ್ (ಕಟರನ್ನು ನೇರವಾಗಿ ಹಿಡಿದಿಡುವ ಸಲಾಕೆ) ಕೂರುವುದು ಗೈಡಿನಲ್ಲಿ, ಆದ್ದರಿಂದ ಸವೆದ ಗೈಡಿನ ಮೇಲೆ ಎಷ್ಟೇ ಚೆನ್ನಾಗಿ ಸೀಟ್ ಕತ್ತರಿಸಿದರೂ ಅದು ಸೊಟ್ಟ. ನಂತರ 5ರಿಂದ 6 ಮಿ.ಮೀ. ಆಳಕ್ಕೆ ಗುಳಿ ಕೊರೆದು ರಿಂಗ್ ಒತ್ತುತ್ತೇವೆ. ಕಬ್ಬಿಣದ ಹೆಡ್ಡಿಗೆ ರಿಂಗ್ ಗುಳಿಗಿಂತ 0.08ರಿಂದ 0.10 ಮಿ.ಮೀ. ದೊಡ್ಡದು. ಪದ್ಮಿನಿಯ ಅಲ್ಯೂಮಿನಿಯಂ ಹೆಡ್ಡಿಗೆ 0.12ರಿಂದ 0.15, ಅದೂ ಹೆಡ್ಡನ್ನು ಓವನ್ನಿನಲ್ಲಿ ಕಾಯಿಸಿ, ರಿಂಗನ್ನು ಫ್ರೀಜರಿನಲ್ಲಿಟ್ಟು. ಬಿಗಿ ಕಡಿಮೆಯಾದರೆ ಎಂಜಿನ್ ಒಮ್ಮೆ ಓವರ್‌ಹೀಟ್ ಆದಾಗ ರಿಂಗ್ ಕಳಚಿ ಪಿಸ್ಟನ್ ಮೇಲೆ ಬೀಳುತ್ತದೆ. ಕೊನೆಗೆ 45 ಡಿಗ್ರಿಯ ಸೀಟ್, ಎಕ್ಸಾಸ್ಟ್‌ಗೆ 1.5ರಿಂದ 2 ಮಿ.ಮೀ. ಅಗಲ. ಪೇಸ್ಟ್ ಹಾಕಿ ಉಜ್ಜುವುದು ಗುರುತು ನೋಡುವಷ್ಟು ಮಾತ್ರ. ಗಂಟೆಗಟ್ಟಲೆ ಉಜ್ಜಿದರೆ ಹೊಸ ವಾಲ್ವಿನ ಮುಖದಲ್ಲಿ ಕಾಲುವೆ ಬೀಳುತ್ತದೆ.

ನೀವೇ ವಾಲ್ವ್ ತರುವುದಕ್ಕೆ ನಮ್ಮ ಅಭ್ಯಂತರವಿಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟು ತಟ್ಟೆಯ ವ್ಯಾಸ, ಕಾಂಡದ ದಪ್ಪ, ಒಟ್ಟು ಉದ್ದ, ಲಾಕ್ (ಸ್ಪ್ರಿಂಗನ್ನು ಕಾಂಡಕ್ಕೆ ಹಿಡಿದಿಡುವ ತುಂಡು) ಕೂರುವ ತೋಡು ಇವಿಷ್ಟನ್ನೂ ವರ್ನಿಯರ್, ಮೈಕ್ರೋಮೀಟರಿನಲ್ಲಿ ನೋಡುತ್ತೇವೆ. ಇವುಗಳಲ್ಲಿ ಲಾಕ್ ತೋಡಿನ ಬಗ್ಗೆ ನಾವು ತೀರಾ ಕಟ್ಟುನಿಟ್ಟು. ಅದರ ಆಕಾರ ಕೂದಲೆಳೆಯಷ್ಟು ಬೇರೆಯಾಗಿದ್ದರೂ ಲಾಕ್ ಜಾರಿ ವಾಲ್ವ್ ಸಿಲಿಂಡರಿಗೆ ಬೀಳುತ್ತದೆ, ಆಮೇಲೆ ಬ್ಲಾಕೂ ಉಳಿಯುವುದಿಲ್ಲ. ತಟ್ಟೆಯ ಅಂಚಿನ ದಪ್ಪ 0.8 ಮಿ.ಮೀ.ಗಿಂತ ಕಡಿಮೆಯಿರುವ ಎಕ್ಸಾಸ್ಟ್ ವಾಲ್ವನ್ನು, ಹಳೆಯದಿರಲಿ ಹೊಸದಿರಲಿ, ಹಾಕುವುದಿಲ್ಲ. ಪಿಕಪ್ ಬರಲೆಂದು ದೊಡ್ಡ ತಟ್ಟೆಯ ವಾಲ್ವ್ ಕೇಳುವವರಿಗೂ ಇಲ್ಲವೆಂದೇ ಹೇಳುತ್ತೇವೆ. ಸೇತುವೆ ಮೊದಲೇ ತೆಳು.

ಎಲ್ಲರಿಗೂ ಈ ಖರ್ಚು ಬೇಕೇ? ಬೇಡ. ಊರೊಳಗೆ ಓಡಾಡುವ, ವರ್ಷಕ್ಕೆ ಕೆಲವು ನೂರು ಕಿಲೋಮೀಟರ್ ಮೀರದ, ಟ್ಯಾಪೆಟ್ ಗ್ಯಾಪ್ ನಿಂತಲ್ಲೇ ನಿಂತಿರುವ ಕಾರಿನ ಹೆಡ್ಡನ್ನು ಬಿಚ್ಚಬೇಡಿ. 3000 ಕಿಲೋಮೀಟರಿಗೊಮ್ಮೆ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ ನಾಲ್ಕೂ ಎಕ್ಸಾಸ್ಟ್ ಗ್ಯಾಪ್ ಬರೆದಿಡಿ, ಅಷ್ಟು ಸಾಕು. ಕುಮಟಾ-ಶಿರಸಿ, ಅಂಕೋಲಾ-ಯಲ್ಲಾಪುರ ಎಂದು ಘಟ್ಟ ಹತ್ತಿ ಇಳಿಯುವ ಕಾರುಗಳ ಮಾತು ಬೇರೆ.

ಈಗಿನ ಇ20 ಪೆಟ್ರೋಲ್ (ನೂರಕ್ಕೆ 20 ಭಾಗ ಎಥನಾಲ್ ಬೆರೆತದ್ದು) ಬಗ್ಗೆಯೂ ಒಂದು ಮಾತು. ಬರೀ ಪೆಟ್ರೋಲಿನ ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಮಿಶ್ರಣ ತೆಳುವಾಗುತ್ತದೆ. ಪ್ಲಗ್ಗಿನ ತುದಿ ಬೆಳ್ಳಗಿದ್ದರೆ ಮೊದಲು ಕಾರ್ಬ್ಯುರೇಟರ್ ಸರಿಪಡಿಸಿ, ಇಲ್ಲದಿದ್ದರೆ ಹೊಸ ವಾಲ್ವ್ ಕೂಡ ಬಿಸಿಗೆ ಸೊರಗುತ್ತದೆ. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಲ್ಲುವ ಕಾರನ್ನು ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಸುಮ್ಮನೆ ನಿಲ್ಲಿಸುವುದಕ್ಕಿಂತ ಕೆಟ್ಟದ್ದು. ಒಳಗೆ ನೀರು ಕಟ್ಟಿ ತೆರೆದ ವಾಲ್ವಿನ ಕಾಂಡಕ್ಕೆ, ಸೀಟಿಗೆ ತುಕ್ಕು ಹಿಡಿಯುತ್ತದೆ. ಓಡಿಸುವುದಾದರೆ ಅರ್ಧ ಗಂಟೆ ಪೂರ್ತಿ ಬಿಸಿಯಾಗುವಂತೆ ಓಡಿಸಿ.

ಹೆಡ್ ಕಳಿಸುವಾಗ ರಾಕರ್ ಶಾಫ್ಟ್, ಪುಶ್‌ರಾಡ್, ಸ್ಪ್ರಿಂಗ್, ಹಳೆಯ ವಾಲ್ವ್‌ಗಳು ಎಲ್ಲವನ್ನೂ ಸಿಲಿಂಡರ್ ನಂಬರ್ ಬರೆದು ಕಳಿಸಿ. ಸುಟ್ಟ ವಾಲ್ವ್ ಎಸೆಯಬೇಡಿ, ಅದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಎಫ್-ಹೆಡ್ ಪೆಟ್ರೋಲ್ ಜೀಪಿನವರು ಗಮನಿಸಿ: ನಿಮ್ಮ ಎಕ್ಸಾಸ್ಟ್ ವಾಲ್ವ್ ಇರುವುದು ಬ್ಲಾಕಿನಲ್ಲಿ, ಬರೀ ಹೆಡ್ ಕಳಿಸಿದರೆ ಆಗದು. ಮೊದಲು ವಾರದೊಳಗೆ ಕೊಡುತ್ತಿದ್ದ ಹೆಡ್ಡಿಗೆ ಇನ್ನು ಮೂರು ವಾರ ಬೇಕು. ದೀಪಾವಳಿಗೆ ಮುಂಚೆ ಒಪ್ಪಿಕೊಂಡ ಕೆಲಸಗಳು ಹಳೆಯ ದರದಲ್ಲೇ ಆಗುತ್ತವೆ. ಆ ಗ್ರಾಹಕರಲ್ಲಿ ಯಾರಿಗಾದರೂ ರಿಂಗ್ ಬೇಕೆನಿಸಿದರೆ ಹೆಡ್ ಮೆಷಿನ್ನಿಗೆ ಏರುವ ಮೊದಲು ಹೇಳಿ. ಮರಳಿ ಕೂರಿಸಿ 500 ಕಿಲೋಮೀಟರ್ ಆದ ಮೇಲೆ ಹೆಡ್ ಬೋಲ್ಟ್ ಟಾರ್ಕ್ ಮತ್ತು ಟ್ಯಾಪೆಟ್ ನೋಡಿಸಲು ಕಾರು ತನ್ನಿ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಸಿಲಿಂಡರ್ ಹೆಡ್ ವಿಭಾಗ