ಪ್ರೊಸೆಸರ್ ಹಳತಾದರೆ ಇಡೀ ಕಂಪ್ಯೂಟರ್ ಗುಜರಿಗೇ?

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಅದೇ ನೆಪ ಹೇಳಿ, ನನ್ನ ಮಗನ ಗೇಮಿಂಗ್ ಕಂಪ್ಯೂಟರಿನ ಮುಚ್ಚಳವನ್ನೂ ತೆಗೆಯದೆ ‘ಹೊಸದನ್ನೇ ಕೊಳ್ಳಿ’ ಎಂದರು. ಒಳಗಿರುವ ರೈಜೆನ್ 5 1600 ಪ್ರೊಸೆಸರ್ ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿಲ್ಲ, ನಿಜ. ಆದರೆ ಬಿ450 ಮದರ್‌ಬೋರ್ಡಿನ ಬಯೋಸ್ (ಕಂಪ್ಯೂಟರನ್ನು ಚಾಲೂ ಮಾಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ನವೀಕರಿಸಿದರೆ, ಪ್ರೊಸೆಸರ್ ಕೂರುವ ಅದೇ ಎಎಂ4 ಸಾಕೆಟ್‌ನಲ್ಲಿ ಆ ಪಟ್ಟಿಯಲ್ಲಿರುವ ರೈಜೆನ್ 5 5600 ಕೂರುತ್ತದೆ. ಡಿಡಿಆರ್4 ರ‍್ಯಾಮ್ ಕೂಡ ಉಳಿಯುತ್ತದೆ. (ಬಯೋಸ್ ನವೀಕರಣ ಹಳೆಯ ಪ್ರೊಸೆಸರ್ ತೆಗೆಯುವ ಮುನ್ನವೇ ಆಗಬೇಕು.) ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿನ ಮಾತು ಆಮೇಲೆ: ರೆಸಲ್ಯೂಶನ್ (ಚಿತ್ರದಲ್ಲಿರುವ ಚುಕ್ಕೆಗಳ ಸಂಖ್ಯೆ) ಇಳಿಸಿದಾಗ ಆಟದ ವೇಗ ಚೆನ್ನಾಗಿ ಏರಿದರೆ ಮಾತ್ರ ಕೊರತೆ ಕಾರ್ಡಿನದು. ಮಗ ಕೇಳುವ ಬಣ್ಣದ ದೀಪಗಳಿಗಂತೂ ನಾನು ದುಡ್ಡು ಕೊಡುವುದಿಲ್ಲ. ಯಾವ ಭಾಗ ಉಳಿಸಿಕೊಳ್ಳಬಹುದು ಎಂಬುದನ್ನು ಅಂಗಡಿಯವರು ದರಪಟ್ಟಿಯಲ್ಲೇ ಬರೆದುಕೊಡಲಿ.

– ಓದುಗ, ತುಮಕೂರು