ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತಡವರಿಸುವ ಕುರಿತು ಸೂಚನೆ

ಆತ್ಮೀಯ ಸದಸ್ಯರೇ,

ಹಳೆಯ ಸ್ಪೋರ್ಟ್ಸ್ ಕಾರಿನ ಆಕ್ಸಿಲರೇಟರ್ ಒತ್ತಿದ ಕ್ಷಣದಲ್ಲಿ ಎಂಜಿನ್ ತಡವರಿಸಿದರೆ, ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಕಾರ್ಬ್ಯುರೇಟರ್ ಬಿಚ್ಚುವ ಮೊದಲು ದಯವಿಟ್ಟು ಕಿಡಿ ಹೊತ್ತಿಸುವ ಇಗ್ನಿಷನ್ ವ್ಯವಸ್ಥೆಯನ್ನು ಪರೀಕ್ಷಿಸಿ. ಪಾಯಿಂಟ್‌ಗಳ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಜೋಡಿಸುವ ಸಂಪರ್ಕಗಳ) ಅಂತರ, ಪ್ಲಗ್‌ಗಳ ಸ್ಥಿತಿ ಮತ್ತು ಟೈಮಿಂಗ್ (ಕಿಡಿ ಹಾರುವ ಸಮಯ) ಸರಿಯಿಲ್ಲದಿದ್ದರೆ ಕಾರ್ಬ್ಯುರೇಟರಿನಲ್ಲಿ ಮಾಡಿದ ಯಾವ ಹೊಂದಾಣಿಕೆಯೂ ಫಲ ಕೊಡದು. ಎಂಜಿನ್ ಹೀರುವ ಒತ್ತಡಕ್ಕೆ ತಕ್ಕಂತೆ ಕಿಡಿಯನ್ನು ಮುಂಚೂಡುವ ವ್ಯಾಕ್ಯೂಮ್ ಅಡ್ವಾನ್ಸಿನ ಡಯಾಫ್ರಾಮ್ (ತೆಳು ಪೊರೆ) ಹರಿದಿದೆಯೇ ಎಂಬುದನ್ನೂ ನೋಡಿ. ಇದು ಸುಲಭವಾಗಿ ಕಣ್ತಪ್ಪುತ್ತದೆ.

ಥ್ರಾಟಲ್ (ಕಾರ್ಬ್ಯುರೇಟರಿನ ಗಾಳಿಯ ಕವಾಟ) ಥಟ್ಟನೆ ತೆರೆದಾಗ ಗಾಳಿ ಕೂಡಲೇ ನುಗ್ಗುತ್ತದೆ, ಪೆಟ್ರೋಲ್ ಮಾತ್ರ ಹಿಂದುಳಿಯುತ್ತದೆ. ಈ ಕೊರತೆಯನ್ನು ವೆಬರ್ ಕಂಪನಿಯ ಡಿಸಿಒಇ ಮಾದರಿಯ ಕಾರ್ಬ್ಯುರೇಟರಿನಲ್ಲಿ, ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪ್ ತುಂಬಿಕೊಡುತ್ತದೆ. ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ ಎಸ್‌ಯು ಕಂಪನಿಯ ಕಾರ್ಬ್ಯುರೇಟರುಗಳಲ್ಲಿ ಅಂಥ ಪಂಪ್ ಇಲ್ಲದಿರುವುದರಿಂದ, ಮೇಲ್ಭಾಗದ ಡ್ಯಾಶ್‌ಪಾಟಿನ (ಎಣ್ಣೆ ಕೊಳವೆಯ) ಎಣ್ಣೆಯೇ ಕಾರ್ಬ್ಯುರೇಟರಿನೊಳಗಿನ ಪಿಸ್ಟನ್ ಬೇಗನೆ ಮೇಲೇರದಂತೆ ತಡೆದು ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣವನ್ನು ಕ್ಷಣಕಾಲ ಹೆಚ್ಚಿಸುತ್ತದೆ. ಆದ್ದರಿಂದ ವೆಬರ್ ಇದ್ದವರು, ಎಂಜಿನ್ ಆರಿಸಿ ತಣಿದ ಮೇಲೆ, ಥ್ರಾಟಲ್ ತಿರುಗಿಸಿದಾಗ ಪ್ರತಿ ಬ್ಯಾರಲ್ಲಿನಲ್ಲೂ (ಗಾಳಿ ಸಾಗುವ ಕೊಳವೆಯಲ್ಲೂ) ಪೆಟ್ರೋಲ್ ಚಿಮ್ಮುತ್ತದೆಯೇ ಎಂದು ನೋಡಬೇಕು. ಎಸ್‌ಯು ಇದ್ದವರು ಎಣ್ಣೆಯ ಮಟ್ಟವನ್ನು ಪರಿಶೀಲಿಸಿದರೆ ಸಾಕು, ಎಷ್ಟೋ ಬಾರಿ ತೊಂದರೆ ಅಲ್ಲೇ ಇರುತ್ತದೆ.

ಕಾರ್ಬ್ಯುರೇಟರಿನ ಮೂಲಕ ಹಿಂದಕ್ಕೆ ಸಿಡಿದರೆ ಪೆಟ್ರೋಲ್ ಸಾಲುತ್ತಿಲ್ಲವೆಂದೂ, ಹೊಗೆ ಕಪ್ಪಾಗಿದ್ದರೆ ಹೆಚ್ಚಾಗಿದೆಯೆಂದೂ ಸಾಮಾನ್ಯವಾಗಿ ತಿಳಿಯಬಹುದು. ಮಿಶ್ರಣವನ್ನು ಎಂಜಿನ್ನಿಗೆ ಒಯ್ಯುವ ಮ್ಯಾನಿಫೋಲ್ಡಿನಲ್ಲಿ ಗಾಳಿಯ ಸೋರಿಕೆ ಹುಡುಕಲು ಉರಿಯುವ ಸ್ಪ್ರೇಯನ್ನು ದಯಮಾಡಿ ಬಳಸಬೇಡಿ. ಎಂಜಿಬಿಯಲ್ಲಿ ಬಿಸಿ ಎಗ್ಸಾಸ್ಟ್ ಅದೇ ಬದಿಯಲ್ಲಿದೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಕಾರು ಓಡಿಸಿ ನೋಡಿದ ನಂತರ ಫಲಿತಾಂಶವನ್ನು ಇಲ್ಲಿ ತಿಳಿಸಿ.